ಮುಚ್ಚಳಿಕೆ ಸಾಲದು, ಡಿಕ್ರಿ ಬೇಕು: ಮಂಡ್ಯದಲ್ಲಿ ನಾನು ರಾಜಿ ಮಾಡಿಸುವ ರೀತಿ

ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಕೇಂದ್ರ ನಡೆಸುವುದು ಒಂದು ಸಂಸ್ಥೆ, ದುಡ್ಡು ಸರ್ಕಾರದ ಅನುದಾನ. ಗಂಡ ಹೆಂಡತಿ ಜಗಳ, ಅತ್ತೆ ಸೊಸೆ ಜಗಳ, ಒಡವೆ ಅಡ ಇಟ್ಟ ಜಗಳ, ಕುಡಿತ, ಎಲ್ಲವೂ ನಮ್ಮ ಮೇಜಿಗೆ ಬರುತ್ತವೆ. ಬಂದವರು ಕಷ್ಟ ಹೇಳಿಕೊಳ್ಳುವ ಮೊದಲೇ ಕೇಳುತ್ತಾರೆ, "ಮೇಡಂ, ಇದಕ್ಕೆ ಎಷ್ಟು ಕಟ್ಬೇಕು?" ಏನೂ ಇಲ್ಲ ಅಂದರೆ ಅರ್ಧ ಜನಕ್ಕೆ ನಂಬಿಕೆಯೇ ಬರುವುದಿಲ್ಲ. ಬಿಟ್ಟಿ ಸಿಗೋದು ಯಾವ ಕೆಲಸಕ್ಕೆ ಬರುತ್ತೆ ಅನ್ನುವ ಅನುಮಾನ.

ಆ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಸಂಸಾರದ ಜಗಳಕ್ಕೆ ಅಂತ ಸರ್ಕಾರ ಕೊಡುವ ದುಡ್ಡು ಒಂದೇ ಕಡೆ ಇಲ್ಲ. ಮಾತಾಡಿಸಿ ಸಮಾಧಾನ ಮಾಡಲು ನಮ್ಮಂಥ ಕೇಂದ್ರಕ್ಕೆ ಅನುದಾನ. ವಕೀಲರನ್ನು ಕೊಡಲು ಕಾನೂನು ಸೇವಾ ಪ್ರಾಧಿಕಾರಕ್ಕೆ ಬೇರೆ ನಿಧಿ. ಹೊಡೆತ ತಿಂದು ಬಂದವಳಿಗೆ ಸಖಿ ಕೇಂದ್ರ. ಒಂದೇ ಕಡೆ ಕೂತರೆ ಅರ್ಧ ಕೆಲಸವೇ ಆಗುವುದು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ದಾಟಿಸುವುದೇ ನನ್ನ ಕೆಲಸ ಅಂದರೂ ಸರಿ.

ನಮ್ಮ ಕಡೆ ರಾಜಿ ಅಂದರೆ ಮುಚ್ಚಳಿಕೆ. ಊರ ಯಜಮಾನರು ಬರೆಸುತ್ತಾರೆ, ಠಾಣೆಯಲ್ಲಿ ಬರೆಸುತ್ತಾರೆ, ನಮ್ಮಂಥ ಕೇಂದ್ರಗಳಲ್ಲೂ ಬರೆಸುತ್ತಾರೆ. "ಇನ್ನು ಮುಂದೆ ಹೆಂಡತಿ ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ" ಅಂತ ಒಂದು ಸಾಲು, ಕೆಳಗೆ ಸಹಿ, ಎರಡೂ ಕಡೆಯ ಸಾಕ್ಷಿ. ಮೂರು ತಿಂಗಳಿಗೆ ಅವನು ಮಾತು ಮುರಿದರೆ ಆ ಹಾಳೆ ಹಿಡಿದು ಏನು ಮಾಡುವುದು? ಸಾಕ್ಷಿ ಅಂತ ತೋರಿಸಬಹುದು, ಅಷ್ಟೇ. ಅದನ್ನೇ ನೇರವಾಗಿ ಅಮಲ್ಜಾರಿ, ಅಂದರೆ ಕೋರ್ಟಿನ ಮೂಲಕ ಜಾರಿ, ಮಾಡಿಸಲು ಆಗುವುದಿಲ್ಲ. "ಚೆನ್ನಾಗಿ" ಅಂದರೆ ಎಷ್ಟು ಅಂತ ಯಾವ ಕೋರ್ಟೂ ಅಳೆಯುವುದಿಲ್ಲವಲ್ಲ.

ಅದಕ್ಕೇ ನಾನು ರಾಜಿಯನ್ನು ನಮ್ಮ ಆಫೀಸಿನಲ್ಲಿ ಮುಗಿಸುವುದಿಲ್ಲ. ಮಾತು ಒಂದು ಹದಕ್ಕೆ ಬಂದ ಮೇಲೆ ಇಬ್ಬರನ್ನೂ ಕರೆದುಕೊಂಡು ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗುತ್ತೇನೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಣ್ಣುಮಗಳಿಗೆ ಉಚಿತ ನೆರವು ಕೊಡಲು ಆದಾಯ ನೋಡುವ ಹಾಗಿಲ್ಲ. ಟೀಚರ್ ಆಗಿರಲಿ, ಗಾರ್ಮೆಂಟ್ಸ್‌ಗೆ ಹೋಗುವವಳಾಗಿರಲಿ, ಒಂದೇ. ವಕೀಲರ ಫೀಸು, ಕೋರ್ಟ್ ಶುಲ್ಕ, ಕಾಗದಪತ್ರದ ಖರ್ಚು ಎಲ್ಲ ಕಾನೂನು ನೆರವು ನಿಧಿಯಿಂದ. ಕೇಂದ್ರ ಸರ್ಕಾರ ರಾಷ್ಟ್ರೀಯ ಪ್ರಾಧಿಕಾರಕ್ಕೆ, ರಾಜ್ಯ ಸರ್ಕಾರ ರಾಜ್ಯ ಪ್ರಾಧಿಕಾರಕ್ಕೆ ಕೊಡುವ ಹಣ ಜಿಲ್ಲೆಗೆ ಇಳಿದು ಬರುತ್ತದೆ. ಇದು ಯಾರೋ ಮಾಡುವ ಧರ್ಮವಲ್ಲ, ನಿಮ್ಮ ಹಕ್ಕು ಅಂತ ಹೇಳಿದ ಮೇಲೆ ಕೆಲವರು ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಕೇಸ್ ಹಾಕದೆಯೂ ಅಲ್ಲಿ ಅರ್ಜಿ ಕೊಡಬಹುದು. ವ್ಯಾಜ್ಯಪೂರ್ವ ಪ್ರಕರಣ ಅನ್ನುತ್ತಾರೆ. ಇನ್ನೊಂದು ಕಡೆಯವರಿಗೆ ನೋಟಿಸ್ ಹೋಗುತ್ತದೆ. ರಾಜಿಯಲ್ಲೇ ವ್ಯಾಜ್ಯ ತೀರಿಸುವ ಲೋಕ ಅದಾಲತ್‌ನಲ್ಲಿ ಕೂತು ಇಬ್ಬರೂ ಒಪ್ಪಿದರೆ ಅಲ್ಲಿ ಆಗುವ ಆದೇಶ ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ. ಮಾತು ಮುರಿದರೆ ಅದನ್ನು ನೇರವಾಗಿ ಅಮಲ್ಜಾರಿ ಮಾಡಿಸಬಹುದು. ಅದರ ಮೇಲೆ ಅಪೀಲೂ ಇಲ್ಲ. ಮುಚ್ಚಳಿಕೆಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಎಲ್ಲಾ ಇರುವುದು ಇದರಲ್ಲೇ.

ಒಂದು ಪ್ರಕರಣ ಹೇಳುತ್ತೇನೆ, ಗುರುತು ಸಿಗದ ಹಾಗೆ. ಮಳವಳ್ಳಿ ಕಡೆಯ ಸಂಸಾರ. ಹೆಂಡತಿ ಎರಡು ಮಕ್ಕಳ ಜೊತೆ ತವರಲ್ಲಿ. ಒಟ್ಟಿಗೆ ಬಾಳಲು ಸದ್ಯಕ್ಕೆ ಇಬ್ಬರಿಗೂ ಮನಸ್ಸಿಲ್ಲ, ಡೈವೋರ್ಸೂ ಬೇಡ. ಮಕ್ಕಳ ಖರ್ಚಿನ ಮಾತು ಬಂತು. ಗಂಡ ಹೇಳಿದ, "ತಿಂಗ್ಳಾ ತಿಂಗ್ಳಾ ಎಲ್ಲಿಂದ ತರಾನ ಮೇಡಮ್ಮಾರೇ? ಕಬ್ಬಿನ ಬಿಲ್ ಆಗ್ಲಿ, ಒಟ್ಗೇ ಕೊಟ್ಬುಡ್ತೀನಿ." ಅವಳು ಅವನ ಮುಖ ನೋಡದೆ ನನಗೆ ಹೇಳಿದಳು, "ಕಬ್ಬಿನ ದುಡ್ಡು ಬಂದ್ ದಿನ್ವೇ ಸಾಲ್ದೋರ್ ಮನೆ ಸೇರ್ತದೆ ಕನಕ್ಕ."

ಇಬ್ಬರೂ ಹೇಳಿದ್ದು ನಿಜವೇ. ರೈತನ ಮನೆಯಲ್ಲಿ ಸಂಬಳದ ತಾರೀಕು ಇರುವುದಿಲ್ಲ. ಆದರೆ ಹಾಲು ಹಾಕುವ ಮನೆಗೆ ಡೇರಿ ಬಟವಾಡೆ ಅಂತ ಒಂದು ಇದ್ದೇ ಇರುತ್ತದಲ್ವಾ? ಅದನ್ನು ಹಿಡಿದುಕೊಂಡೆವು. ಪ್ರತಿ ಬಟವಾಡೆಯಿಂದ ಇಂತಿಷ್ಟು ಅವಳ ಖಾತೆಗೆ, ಕಬ್ಬಿನ ಬಿಲ್ ಬಂದಾಗ ಸ್ಕೂಲ್ ಫೀಸಿನ ಬಾಬ್ತು ಬೇರೆ. ಆಮೇಲೆ ಗೊತ್ತಾಯಿತು, ಡೇರಿಯ ಖಾತೆ ಅತ್ತೆ ಹೆಸರಲ್ಲಿದೆ. ಸಹಿ ಹಾಕದವರಿಗೆ ಆದೇಶ ತಟ್ಟುವುದಿಲ್ಲ. ಹಾಗಾಗಿ ಅತ್ತೆಯನ್ನೂ ಕಕ್ಷಿದಾರರಾಗಿ ಸೇರಿಸಲು ಪ್ಯಾನಲ್ ವಕೀಲರಿಗೆ, ಅಂದರೆ ಕಾನೂನು ಸೇವಾ ಸಮಿತಿ ಕೊಟ್ಟ ವಕೀಲರಿಗೆ, ಹೇಳಿದೆ. ಆ ಯಮ್ಮ ಬಂದು ಹೆಬ್ಬೆಟ್ಟು ಒತ್ತಿದರು. ಒತ್ತುವ ಮುಂಚೆ ಎಲ್ಲವನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿಕೊಂಡರು. ಎಲ್ಲರೂ ಹಾಗೆ ಮಾಡಿದರೆ ಎಷ್ಟು ಚೆಂದ.

ಅತ್ತೆ ಸೊಸೆ ಅಂದಾಗ ಒಂದು ಮಾತು. 2023ರಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ನಮ್ಮಲ್ಲಿ ಹೊಸ ಜಗಳವೊಂದು ಹುಟ್ಟಿಕೊಂಡಿದೆ. 2,000 ರೂಪಾಯಿ ಬರುವುದು ರೇಷನ್ ಕಾರ್ಡಿನ ಯಜಮಾನಿಗೆ. ಯಜಮಾನಿ ಯಾರು? ಈಗ ರಾಜಿ ಮಾತುಕತೆಯಲ್ಲಿ ರೇಷನ್ ಕಾರ್ಡನ್ನೂ ಮೇಜಿನ ಮೇಲೆ ಇಡಿಸುತ್ತೇನೆ.

ಲೋಕ ಅದಾಲತ್‌ನಲ್ಲಿ ವಿಚ್ಛೇದನ ಸಿಗುವುದಿಲ್ಲ, ಅದಕ್ಕೆ ಕೋರ್ಟಿಗೇ ಹೋಗಬೇಕು. ಜೀವನಾಂಶ, ಒಡವೆ ವಾಪಸಾತಿ, ಮಕ್ಕಳನ್ನು ಯಾವಾಗ ನೋಡುವುದು, ಇಂಥವು ಅಲ್ಲಿ ತೀರುತ್ತವೆ. ಮೈಸೂರಿನಲ್ಲಿ ಆಗಲೇ ಕೇಸ್ ಹಾಕಿಕೊಂಡು ನನ್ನ ಹತ್ತಿರ ಬರುವವರಿಗೆ, ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿ ಅಂತ ಜಡ್ಜ್ ಹತ್ತಿರ ಕೇಳಿಕೊಳ್ಳಿ ಅನ್ನುತ್ತೇನೆ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ರಾಜಿ ಆಗದಿದ್ದರೆ "ಆಗಲಿಲ್ಲ" ಅಂತಷ್ಟೇ ಕೋರ್ಟಿಗೆ ವರದಿ.

ಎಲ್ಲದಕ್ಕೂ ರಾಜಿ ಮಾಡಿಸುವವಳು ನಾನಲ್ಲ. ಮೈಮೇಲೆ ಬಾಸುಂಡೆ ಇಟ್ಟುಕೊಂಡು ಬಂದವಳಿಗೆ "ಹೊಂದಿಕೊಂಡು ಹೋಗಮ್ಮ" ಅನ್ನುವುದು ಸಮಾಲೋಚನೆಯಲ್ಲ. ಮೊದಲು ಸಖಿ ಕೇಂದ್ರ. 2015ರ ಏಪ್ರಿಲ್‌ನಲ್ಲಿ ನಿರ್ಭಯಾ ನಿಧಿಯಿಂದ ಶುರುವಾದ ಯೋಜನೆ ಇದು. ಚಿಕಿತ್ಸೆ, ಪೊಲೀಸ್, ವಕೀಲರು, ಕೆಲವು ದಿನದ ವಸತಿ, ಎಲ್ಲದಕ್ಕೂ ಅಲ್ಲಿಂದಲೇ ದಾರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾಧಿಕಾರಿ ಅಂದರೆ ನಮ್ಮಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ). ಅವರಿಂದ ವರದಿ ಕೋರ್ಟಿಗೆ ಹೋಗಬೇಕು. ಅವಳು ಸೇಫ್ ಆದ ಮೇಲೆ, ಅವಳಿಗೇ ಬೇಕು ಅನ್ನಿಸಿದರೆ ಮಾತ್ರ ಮಾತುಕತೆ.

ಇನ್ನು ದುಡ್ಡಿನ ಕಥೆ. ನಮ್ಮ ಅನುದಾನ ಕಂತಿನಲ್ಲಿ ಬರುತ್ತದೆ, ತಡವಾಗಿಯೇ ಬರುತ್ತದೆ. ಅಲ್ಲಿಯವರೆಗೆ ಗೌರವಧನ ಇಲ್ಲ, ಕೆಲಸ ಮಾತ್ರ ಇದೆ. ಹಿಂದಿನ ಕಂತಿನ ಹಣ ಬಳಕೆ ಪ್ರಮಾಣ ಪತ್ರ, ಆಡಿಟ್ ವರದಿ ಕೊಡದೆ ಮುಂದಿನದು ಅಲುಗಾಡುವುದಿಲ್ಲ. ಹಾಗಾಗಿ ವೋಚರನ್ನು ಅವತ್ತಿನದ್ದು ಅವತ್ತೇ ಅಂಟಿಸಿ ಬಿಡುತ್ತೇನೆ, ಮಾರ್ಚ್ ಎಂಡಿಗೆ ಅಂತ ಇಡುವುದಿಲ್ಲ. ಬೇಜಾರು ಇರುವುದು ಬೇರೆ ಕಡೆ. ತಿಂಗಳ ವರದಿಯಲ್ಲಿ ದಾಖಲು, ಇತ್ಯರ್ಥ, ಬಾಕಿ ಅಂತ ಕಾಲಂ ಇವೆ. ರಾಜಿಯಾದ ಮನೆ ಆರು ತಿಂಗಳ ಮೇಲೆ ಹೇಗಿದೆ ಅನ್ನುವುದಕ್ಕೆ ಕಾಲಂ ಇಲ್ಲ. ಕಾಲಂ ಇಲ್ಲದ ಕೆಲಸಕ್ಕೆ ದುಡ್ಡೂ ಇಲ್ಲ.

ಅದಕ್ಕೆ ನಾನು ಸಂತೆ ದಿನ ಆಫೀಸು ಬಿಟ್ಟು ಕದಲುವುದಿಲ್ಲ. ಹಳ್ಳಿಯಿಂದ ಜನ ಹೇಗೂ ಅವತ್ತು ತಾಲ್ಲೂಕಿಗೆ ಬರುತ್ತಾರೆ, ಬಂದವರು ಐದು ನಿಮಿಷ ಕೂತು ಹೇಳಿ ಹೋಗಲಿ ಅಂತ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಆದ ಮೇಲೆ ಹೆಂಗಸರು ಬರುವುದು ಜಾಸ್ತಿಯಾಗಿದೆ. ಗಂಡಸರಿಗೆ ಮಾತ್ರ "ಚಾರ್ಜಿಗೆ ದುಡ್ಡಿಲ್ಲ" ಅನ್ನುವ ನೆಪ ಉಳಿದಿದೆ.

ಆ ಮಳವಳ್ಳಿಯವಳೂ ಹೀಗೇ ಒಂದು ಸಂತೆ ದಿನ ಬಂದಳು. ಹಸು ಬತ್ತಿದೆ, ಹಾಲಿಲ್ಲ ಅಂತ ಬಟವಾಡೆಯ ದುಡ್ಡು ನಿಲ್ಲಿಸಿದ್ದರು. ಆದೇಶದ ದೃಢೀಕೃತ ನಕಲು ಅವಳ ಬ್ಯಾಗಿನಲ್ಲೇ ಇತ್ತು. ಅದೇ ಪ್ಯಾನಲ್ ವಕೀಲರು ಉಚಿತವಾಗಿಯೇ ಅಮಲ್ಜಾರಿ ಅರ್ಜಿ ಹಾಕಿದರು. ನೋಟಿಸ್ ಮುಟ್ಟಿದ ವಾರದಲ್ಲಿ ಅತ್ತೆಯೇ ದುಡ್ಡು ಹಿಡಿದು ಬಂದರು, ಸೊಸೆಯನ್ನು ಬೈಯುತ್ತಲೇ. ಅದು ಪೂರ್ತಿ ಬಾಕಿಯಲ್ಲ. ಉಳಿದದ್ದು ಖಾತೆಗೆ ಬೀಳುವವರೆಗೆ ಅರ್ಜಿ ವಾಪಸ್ ತೆಗೆಯಬೇಡಿ ಅಂತ ವಕೀಲರಿಗೆ ಹೇಳಿದ್ದೇವೆ.