ಪೆಡಲ್ ಕೊಳ್ಳುವ ಮೊದಲು ಗಿಟಾರಿನ ನಾಬ್ ತಿರುಗಿಸಿ

ಎಲೆಕ್ಟ್ರಿಕ್ ಗಿಟಾರ್ ಕಲಿಯುವವರಲ್ಲಿ ಬಹಳ ಮಂದಿ ವಾಲ್ಯೂಮ್ ನಾಬನ್ನು ಒಮ್ಮೆ ಹತ್ತಕ್ಕೆ ತಿರುಗಿಸಿಟ್ಟರೆ ಮತ್ತೆ ಅದರ ಗೋಜಿಗೆ ಹೋಗುವುದಿಲ್ಲ. ದನಿ ಜೋರಾಗಬೇಕೆಂದರೆ ಒಂದು ಪೆಡಲ್, ಒರಟಾಗಬೇಕೆಂದರೆ ಇನ್ನೊಂದು, ಮೆತ್ತಗಾಗಬೇಕೆಂದರೆ ಮತ್ತೊಂದು. ಕಾಲಬುಡದಲ್ಲಿ ಡಬ್ಬಿಗಳ ಸಾಲು ಬೆಳೆಯುತ್ತ ಹೋಗುತ್ತದೆ. ಇಂಗ್ಲೆಂಡಿನ ಗಿಟಾರ್ ವಾದಕ ಜೆಫ್ ಬೆಕ್ ನುಡಿಸುವ ವಿಡಿಯೊ ನೋಡಿ: ಪಿಕ್ ಇಲ್ಲದ ಬಲಗೈಯ ಕಿರುಬೆರಳು ಅವರ ಸ್ಟ್ರಾಟೊಕಾಸ್ಟರ್ ಗಿಟಾರಿನ ವಾಲ್ಯೂಮ್ ನಾಬನ್ನು ಬಿಟ್ಟು ದೂರ ಹೋಗುವುದೇ ಅಪರೂಪ. ಒಂದೊಂದು ಸ್ವರಕ್ಕೂ ಅವರು ಅದನ್ನು ಹಿಂದೆ ಮುಂದೆ ಮಾಡುತ್ತಿದ್ದರು. ಪೆಡಲ್ ಬೇಡ ಎಂದು ಹೇಳುತ್ತಿಲ್ಲ. ನಾಬ್ ಗೊತ್ತಿದ್ದವರ ಕಾಲಡಿಯಲ್ಲಿ ಮಾತ್ರ ಪೆಡಲ್ ಸರಿಯಾಗಿ ಕೆಲಸ ಮಾಡುತ್ತದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕಲಿಯುವ ಕ್ರಮ ಹೀಗಿರಲಿ.

ಮೊದಲ ಹೆಜ್ಜೆ: ಗಿಟಾರ್, ಕೇಬಲ್, ಆಂಪ್ ಮಾತ್ರ

ಪೆಡಲ್‌ಗಳನ್ನೆಲ್ಲ ಬಿಚ್ಚಿಡಿ. ಗಿಟಾರಿನ ವಾಲ್ಯೂಮ್ ಮತ್ತು ಟೋನ್ ಎರಡನ್ನೂ ಹತ್ತಕ್ಕೆ ಇಡಿ. ಈಗ ಆಂಪಿನ (ಆಂಪ್ಲಿಫೈಯರಿನ) ಗೇನ್ ನಾಬನ್ನು, ಅಂದರೆ ಒಳಬಂದ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕೆಂದು ಹೇಳುವ ನಾಬನ್ನು, ನಿಧಾನವಾಗಿ ಏರಿಸುತ್ತ, ಜೋರಾಗಿ ಮೀಟಿದಾಗ ದನಿ ಸ್ವಲ್ಪ ಒಡೆಯುವ ಜಾಗಕ್ಕೆ ಬಂದು ನಿಲ್ಲಿ. ಮೆಲ್ಲಗೆ ಮೀಟಿದರೆ ಕ್ಲೀನ್, ಬಲವಾಗಿ ಮೀಟಿದರೆ ಒರಟು. ಆ ಗಡಿ ಸಿಕ್ಕಿತೆಂದರೆ ಅರ್ಧ ಕೆಲಸ ಆಯಿತು. ಕೊನೆಯ ಸದ್ದನ್ನಷ್ಟೇ ಏರಿಳಿಸುವ ಮಾಸ್ಟರ್ ವಾಲ್ಯೂಮ್ ಇರುವ ಆಂಪ್ ಆದರೆ ಗೇನ್ ಏರಿಸಿ ಮಾಸ್ಟರ್ ತಗ್ಗಿಸಿ, ಪಕ್ಕದ ಮನೆಯವರು ಬಾಗಿಲು ತಟ್ಟುವುದಿಲ್ಲ.

ಇನ್ನು ಒಂದೇ ಕಾರ್ಡನ್ನು ನುಡಿಸುತ್ತ ಗಿಟಾರಿನ ವಾಲ್ಯೂಮನ್ನು ಹತ್ತರಿಂದ ಎಂಟಕ್ಕೆ, ಆರಕ್ಕೆ, ನಾಲ್ಕಕ್ಕೆ ಇಳಿಸಿ. ಕಡಿಮೆಯಾಗುವುದು ಬರೀ ಸದ್ದಲ್ಲ, ಒರಟುತನವೂ ಇಳಿಯುತ್ತದೆ. ಆಂಪಿನ ಒಳಗೆ ಬರುವ ಸಿಗ್ನಲ್ ದೊಡ್ಡದಾದಷ್ಟೂ ಅದರ ತುದಿಗಳು ಕತ್ತರಿಸಿ ಹೋಗುತ್ತವೆ, ನಾವು ಡಿಸ್ಟಾರ್ಷನ್ ಎಂದು ಕೇಳುವುದು ಅದನ್ನೇ. ನಾಬ್ ಇಳಿಸಿದರೆ ಸಿಗ್ನಲ್ ಚಿಕ್ಕದಾಗುತ್ತದೆ, ಕತ್ತರಿ ತಾಗುವುದಿಲ್ಲ. ಹೀಗೆ ಒಂದೇ ನಾಬಿನಲ್ಲಿ ಪಲ್ಲವಿಗೊಂದು, ಚರಣಕ್ಕೊಂದು, ಸೋಲೋಗೊಂದು ದನಿ ಸಿಗುತ್ತದೆ. ಸೋಲೋ ಜಾಗ ಹತ್ತು ಎಂದು ಮೊದಲೇ ನಿಗದಿ ಮಾಡಿಕೊಂಡು ಅಲ್ಲಿಂದ ಕೆಳಗೆ ಇಳಿಯಬೇಕು. ಹತ್ತರಲ್ಲೇ ಇಡೀ ಹಾಡು ನುಡಿಸಿದವರಿಗೆ ಸೋಲೋ ಬಂದಾಗ ಏರಲು ಮೆಟ್ಟಿಲೇ ಇರುವುದಿಲ್ಲ.

ಎರಡನೆಯದು: ಇಳಿಸಿದಾಗ ದನಿ ಮಬ್ಬಾಗುವುದನ್ನು ತಡೆಯುವುದು

ಬಹಳ ಜನ ನಾಬನ್ನು ಮುಟ್ಟದಿರಲು ನಿಜವಾದ ಕಾರಣ ಇದು. ವಾಲ್ಯೂಮ್ ಆರಕ್ಕೆ ಇಳಿಸಿದರೆ ದನಿ ಬಾಯಿಗೆ ಟವೆಲ್ ಕಟ್ಟಿಕೊಂಡು ಹಾಡಿದಂತೆ ಆಗುತ್ತದೆ. ತಪ್ಪು ನುಡಿಸುವವರದಲ್ಲ, ವೈರಿಂಗಿನದು.

ನಾಬಿನ ಕೆಳಗೆ ಇರುವ, ತಿರುಗಿಸಿದಂತೆ ವಿದ್ಯುತ್ ತಡೆ ಬದಲಾಗುವ ಭಾಗವೇ ಪಾಟ್; ತಂತಿಯ ಕಂಪನವನ್ನು ಸಿಗ್ನಲ್ ಮಾಡುವುದು ಪಿಕಪ್. ಗಿಟಾರಿನ ವಾಲ್ಯೂಮ್ ಪಾಟ್ ಸಾಮಾನ್ಯವಾಗಿ ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್‌ಗೆ 250 ಕಿಲೋಓಮ್, ಎರಡು ಸುರುಳಿಯ ಹಂಬಕರ್‌ಗೆ 500 ಕಿಲೋಓಮ್ ಇರುತ್ತದೆ. ಕೇಬಲ್ ತಾನೇ ಒಂದು ಸಣ್ಣ ಕೆಪಾಸಿಟರ್. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದು ಹಿಡಿದರೆ ಐದು ಮೀಟರ್ ಕೇಬಲಿಗೆ 500 ಆಯಿತು. 500 ಕಿಲೋಓಮ್ ಪಾಟ್ ವಿದ್ಯುತ್ ಲೆಕ್ಕದಲ್ಲಿ ನಟ್ಟನಡುವೆ ನಿಂತಾಗ ಕೇಬಲಿನ ಕಡೆಗೆ ಸುಮಾರು 125 ಕಿಲೋಓಮ್ ಅಡ್ಡಿಯಾಗಿ ಕಾಣಿಸಿಕೊಳ್ಳುತ್ತದೆ. ಈ ಎರಡೂ ಸೇರಿ ಸುಮಾರು 2,500 ಹರ್ಟ್ಜ್‌ನಿಂದ ಮೇಲಿನ ಟ್ರೆಬಲನ್ನು ಕೊಚ್ಚಿಕೊಂಡು ಹೋಗುತ್ತವೆ. ಗಿಟಾರಿನ ಚುರುಕೆಲ್ಲ ಇರುವುದೇ ಆ ಜಾಗದಲ್ಲಿ.

ಪರಿಹಾರ ಅಗ್ಗದ್ದು. ಮೊದಲು ಉದ್ದ ಕೇಬಲ್ ಬಿಟ್ಟು ಅಗತ್ಯದಷ್ಟೇ ಉದ್ದದ್ದನ್ನು ಬಳಸಿ. ಆಮೇಲೂ ಮಬ್ಬು ಉಳಿದರೆ ಟ್ರೆಬಲ್ ಬ್ಲೀಡ್ ಹಾಕಿಸಿ. ವಾಲ್ಯೂಮ್ ಪಾಟಿನಲ್ಲಿ ಪಿಕಪ್ ಬಂದು ಸೇರುವ ಕಾಲಿಗೂ ನಡುವಿನ ಕಾಲಿಗೂ ಅಡ್ಡಲಾಗಿ 1 ನ್ಯಾನೋಫ್ಯಾರಡ್ ಕೆಪಾಸಿಟರ್ ಮತ್ತು 150 ಕಿಲೋಓಮ್ ರೆಸಿಸ್ಟರನ್ನು ಸಮಾನಾಂತರವಾಗಿ ಬೆಸುಗೆ ಹಾಕುವುದು, ಅಷ್ಟೆ. ನಾಬ್ ಇಳಿಸಿದಾಗ ಟ್ರೆಬಲ್ ಮಾತ್ರ ಈ ಅಡ್ಡದಾರಿಯಲ್ಲಿ ದಾಟಿಕೊಂಡು ಬರುತ್ತದೆ. ಕೆಲವು ಗಿಟಾರಿನಲ್ಲಿ ಇದು ದನಿಯನ್ನು ತೀರ ತೆಳ್ಳಗೆ ಮಾಡುತ್ತದೆ. ಆಗ ಕೆಪಾಸಿಟರನ್ನು 680 ಪಿಕೋಫ್ಯಾರಡಿಗೆ ಇಳಿಸಿ ನೋಡಿ. ಹಂಬಕರ್ ಗಿಟಾರ್ ಆದರೆ ಇನ್ನೊಂದು ದಾರಿಯಿದೆ: ಟೋನ್ ನಾಬಿನ ತಂತಿಯನ್ನು ವಾಲ್ಯೂಮ್ ಪಾಟಿನ ಪಿಕಪ್ ಕಾಲಿನಿಂದ ಬಿಡಿಸಿ ನಡುವಿನ ಕಾಲಿಗೆ ಸೇರಿಸುವುದು. 1950ರ ದಶಕದ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ಗಳಲ್ಲಿ ಇದ್ದದ್ದು ಇದೇ ಜೋಡಣೆ. ನನಗೆ ಇದೇ ಹೆಚ್ಚು ಇಷ್ಟ, ಹೊಸ ಬಿಡಿಭಾಗ ಒಂದೂ ಬೇಕಿಲ್ಲ.

ಟೋನ್ ನಾಬಿಗೂ ಕೆಲಸ ಕೊಡಿ

ಟೋನ್ ನಾಬ್ ಟ್ರೆಬಲನ್ನು ಒಂದು ಕೆಪಾಸಿಟರ್ ಮೂಲಕ ನೆಲಕ್ಕೆ ಹರಿಸುತ್ತದೆ. ಅದರ ಮೌಲ್ಯ ಸಾಮಾನ್ಯವಾಗಿ 0.022 ಅಥವಾ 0.047 ಮೈಕ್ರೋಫ್ಯಾರಡ್. ಆಂಪಿನಲ್ಲಿ ಟ್ರೆಬಲನ್ನು ಬೇಕಾದ್ದಕ್ಕಿಂತ ತುಸು ಹೆಚ್ಚಿಟ್ಟು, ಗಿಟಾರಿನ ಟೋನನ್ನು ಏಳರಲ್ಲಿ ಇಟ್ಟು ನುಡಿಸುವುದನ್ನು ರೂಢಿ ಮಾಡಿಕೊಳ್ಳಿ. ವಾಲ್ಯೂಮ್ ಇಳಿಸಿ ದನಿ ಮಂಕಾದರೆ ಟೋನ್ ಏರಿಸಲು ಆಗ ಜಾಗ ಇರುತ್ತದೆ. ಪೂರ್ತಿ ಸೊನ್ನೆಗೆ ಇಳಿಸಿದರೂ ಉಪಯೋಗವಿದೆ. ಎರಿಕ್ ಕ್ಲಾಪ್ಟನ್ 1960ರ ದಶಕದಲ್ಲಿ ಹಂಬಕರ್ ಗಿಟಾರಿನ ಟೋನ್ ಇಳಿಸಿ, ಆಂಪನ್ನು ಜೋರಾಗಿಟ್ಟು, ಕೊಳಲಿಗೆ ಹತ್ತಿರದ ದುಂಡನೆಯ ದನಿ ತೆಗೆದದ್ದು ಈ ನಾಬಿನಿಂದಲೇ.

ಈಗ ಒಂದು ಪೆಡಲ್, ಒಂದೇ

ದನಿಯನ್ನು ಹದವಾಗಿ ಒರಟು ಮಾಡುವ ಓವರ್‌ಡ್ರೈವ್ ಪೆಡಲಿನಲ್ಲಿ ಸಾಮಾನ್ಯವಾಗಿ ಮೂರು ನಾಬ್ ಇರುತ್ತವೆ: ಡ್ರೈವ್, ಟೋನ್, ಲೆವೆಲ್. ಅಂಗಡಿಯಲ್ಲಿ ಎಲ್ಲರೂ ಮೊದಲು ಡ್ರೈವನ್ನು ಪೂರ್ತಿ ತಿರುಗಿಸುತ್ತಾರೆ. ತದ್ವಿರುದ್ಧ ಮಾಡಿ. ಡ್ರೈವನ್ನು ಕಾಲು ಭಾಗಕ್ಕೆ ಇಳಿಸಿ ಲೆವೆಲ್ ಏರಿಸಿ. ಪೆಡಲ್ ತಾನು ಅರಚುವ ಬದಲು ಆಂಪನ್ನು ಮುಂದಕ್ಕೆ ತಳ್ಳುತ್ತದೆ, ಆಗ ನಾಬಿಗೂ ಬೆರಳಿಗೂ ಅದು ಸ್ಪಂದಿಸುತ್ತದೆ. 1970ರ ದಶಕದ ಕೊನೆಯಲ್ಲಿ ಬಂದ ಐಬನೆಜ್ ಟ್ಯೂಬ್ ಸ್ಕ್ರೀಮರನ್ನು ಇಂದಿಗೂ ಹೆಚ್ಚಿನವರು ಹೀಗೆಯೇ ಬಳಸುತ್ತಾರೆ. ಅದು ಬೇಸನ್ನು ಕಡಿಮೆ ಮಾಡಿ ಮಿಡ್ ಭಾಗವನ್ನು ಎತ್ತುವುದರಿಂದ, ಡ್ರಮ್ಸ್ ಮತ್ತು ಬೇಸ್ ಗಿಟಾರಿನ ನಡುವೆ ಸೋಲೋ ಮುಳುಗುವುದಿಲ್ಲ. ಡ್ರೈವ್ ಪೂರ್ತಿ ತುಂಬಿದ ಹೆವಿ ಡಿಸ್ಟಾರ್ಷನಿನಲ್ಲಿ ನಾಬನ್ನು ಹತ್ತರಿಂದ ಏಳಕ್ಕೆ ಇಳಿಸಿದರೂ ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅಲ್ಲಿ ಎಲ್ಲವೂ ಆಗಲೇ ಕತ್ತರಿಸಿ ಹೋಗಿರುತ್ತದೆ.

ದನಿಯನ್ನು ಅತಿ ಒರಟಾಗಿ ಒಡೆಯುವ ಫಝ್ ಪೆಡಲ್ ಕತೆಯೇ ಬೇರೆ. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ಹೊರತಂದ ದುಂಡನೆಯ ಫಝ್ ಫೇಸ್ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇದ್ದದ್ದು ಎಲ್ಲರಿಗೂ ಗೊತ್ತು. ಅವರ ಎಷ್ಟೋ ಹೊಳಪಿನ ಕ್ಲೀನ್ ದನಿಗಳು ಬಂದದ್ದು ಫಝ್ ಆನ್ ಇದ್ದಾಗಲೇ, ಗಿಟಾರಿನ ವಾಲ್ಯೂಮ್ ಇಳಿಸಿ. ಈ ಪೆಡಲಿನ ಇನ್‌ಪುಟ್ ತಡೆ ತೀರ ಕಡಿಮೆ, ಅದು ಪಿಕಪ್ಪಿನ ಜೊತೆ ನೇರವಾಗಿ ಸೆಣಸುತ್ತದೆ. ನಾಬ್ ಎಂಟಕ್ಕೆ ಬಂದರೆ ಸಾಕು, ಗುಂಯ್‌ಗುಡುವಿಕೆ ಕರಗಿ ಗಾಜಿನಂಥ ದನಿ ಬರುತ್ತದೆ. ಆದ್ದರಿಂದ ಫಝ್ ಸಾಲಿನಲ್ಲಿ ಮೊದಲೇ ಇರಬೇಕು. ಗಿಟಾರಿಗೂ ಅದಕ್ಕೂ ನಡುವೆ ಬಫರ್ (ಪಿಕಪ್ಪನ್ನು ಮುಂದಿನ ಪೆಡಲಿನಿಂದ ಬೇರ್ಪಡಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಇಟ್ಟರೆ ಈ ಗುಣ ಸತ್ತಂತೆ.

ಕಾಲಿನ ವಾಲ್ಯೂಮ್ ಪೆಡಲ್: ಎಲ್ಲಿ ಇಡುವುದು?

ಇದನ್ನು ಡ್ರೈವ್‌ಗಿಂತ ಮೊದಲು ಇಟ್ಟರೆ ಗಿಟಾರಿನ ನಾಬಿನ ಕೆಲಸವನ್ನೇ ಕಾಲು ಮಾಡುತ್ತದೆ, ಅಂದರೆ ಒರಟುತನ ಏರಿಳಿಯುತ್ತದೆ. ಡ್ರೈವ್ ಆದಮೇಲೆ ಇಟ್ಟರೆ ಒರಟುತನ ಹಾಗೇ ಉಳಿದು ಸದ್ದು ಮಾತ್ರ ಏರಿಳಿಯುತ್ತದೆ. ನಾಬ್ ಬಳಸಲು ಕಲಿತವರು ಎರಡನೆಯ ಜಾಗವನ್ನೇ ಆರಿಸಿಕೊಳ್ಳುವುದು ಒಳ್ಳೆಯದು: ಕೈಯಲ್ಲಿ ಒರಟು, ಕಾಲಲ್ಲಿ ಸದ್ದು. ಡಿಲೇ, ರಿವರ್ಬ್ ಇದ್ದರೆ ಅವಕ್ಕಿಂತ ಮುಂಚೆ ಇರಲಿ, ಪೆಡಲ್ ಮುಚ್ಚಿದರೂ ಹಿಂದಿನ ಸ್ವರದ ಪ್ರತಿಧ್ವನಿ ತನ್ನಷ್ಟಕ್ಕೆ ಮುಗಿಯುತ್ತದೆ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಗಿಟಾರಿನಿಂದ ನೇರ ಬರುವ ಸಿಗ್ನಲಿಗೆ 250 ಕಿಲೋಓಮ್ ಪೆಡಲ್ ಬೇಕು, ಬಫರ್ ಅಥವಾ ಬೇರೆ ಪೆಡಲ್ ದಾಟಿ ಬಂದದ್ದಕ್ಕೆ 25 ಕಿಲೋಓಮ್. ಅದಲುಬದಲಾದರೆ ಮೊದಲನೆಯ ಸಂದರ್ಭದಲ್ಲಿ ಟ್ರೆಬಲ್ ಸಾಯುತ್ತದೆ, ಎರಡನೆಯದರಲ್ಲಿ ಪೆಡಲ್ ಒಮ್ಮೆಗೇ ತೆರೆದುಕೊಂಡಂತೆ ಕೇಳುತ್ತದೆ.

ಸ್ವೆಲ್, ಅಂದರೆ ಸ್ವರ ಮೌನದಿಂದ ಉಬ್ಬಿ ಬರುವಂತೆ ನುಡಿಸುವ ಅಭ್ಯಾಸ, ಇಲ್ಲಿಂದ ಶುರು ಮಾಡಿ. ಪೆಡಲ್ ಮುಚ್ಚಿಟ್ಟು ತಂತಿ ಮೀಟಿ, ಆಮೇಲೆ ಕಾಲನ್ನು ಮೆಲ್ಲಗೆ ಒತ್ತಿ. ಮೀಟಿದ ಟಕ್ ಸದ್ದು ಮಾಯವಾಗಿ ಸ್ವರ ಕಮಾನಿನಿಂದ ಎಳೆದ ಪಿಟೀಲಿನದರಂತೆ ಅರಳುತ್ತದೆ. ಅಮೆರಿಕದ ರಾಯ್ ಬುಕ್ಯಾನನ್ ಇದನ್ನು ತಮ್ಮ ಟೆಲಿಕಾಸ್ಟರ್ ಗಿಟಾರಿನ ನಾಬಿನಲ್ಲೇ ಮಾಡುತ್ತಿದ್ದರು, ಮಾರ್ಕ್ ನಾಫ್ಲರ್ ಕಾಲಿನ ಪೆಡಲಿನಲ್ಲಿ. ಆಲಾಪದಂಥ ನಿಧಾನದ ಜಾಗಗಳನ್ನು ನುಡಿಸುವ ನಮ್ಮವರಿಗೆ ಇದರಷ್ಟು ಒಗ್ಗುವ ಉಪಾಯ ಇನ್ನೊಂದಿಲ್ಲ.

ಕಂಪ್ರೆಸರ್ ಬಗ್ಗೆ ಒಂದು ಎಚ್ಚರಿಕೆ. ಅದು ಸಣ್ಣ ಸದ್ದನ್ನು ಎತ್ತಿ ದೊಡ್ಡದನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡುತ್ತದೆ. ಡ್ರೈವ್‌ಗಿಂತ ಮೊದಲು ಅದು ಆನ್ ಇದ್ದರೆ ನೀವು ನಾಬಿನಲ್ಲಿ ಇಳಿಸಿದ್ದನ್ನು ಅದು ಮತ್ತೆ ಮೇಲಕ್ಕೆ ಎತ್ತುತ್ತದೆ. ಕ್ಲೀನ್ ಹಾಡುಗಳಿಗೆ ಹಾಕಿಕೊಳ್ಳಿ, ಉಳಿದಂತೆ ಆಫ್ ಇರಲಿ.

ವೇದಿಕೆಯಲ್ಲಿ

ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಎಷ್ಟೋ ಸಲ ಆಂಪ್ ಇರುವುದಿಲ್ಲ, ಮಲ್ಟಿ ಎಫೆಕ್ಟ್ ಪೆಡಲ್ ನೇರ ಮಿಕ್ಸರಿಗೆ ಹೋಗುತ್ತದೆ. ಸೌಂಡ್ ಚೆಕ್ ಸಮಯದಲ್ಲಿ ಸೌಂಡಿನವರಿಗೆ ನಿಮ್ಮ ಅತಿ ಜೋರಿನ ದನಿಯನ್ನು, ಅಂದರೆ ಸೋಲೋ ದನಿಯನ್ನು, ಮೊದಲು ಕೇಳಿಸಿ. ಆರರಲ್ಲಿ ಕೇಳಿಸಿ ಆಮೇಲೆ ಹತ್ತಕ್ಕೆ ಹೋದರೆ ಅವರು ಫೇಡರ್ ಇಳಿಸುತ್ತಾರೆ, ಆ ರಾತ್ರಿ ಮತ್ತೆ ಏರಿಸುವುದಿಲ್ಲ. ಮಲ್ಟಿ ಎಫೆಕ್ಟಿನಲ್ಲಿ ಹಾಡಿಗೊಂದು ಪ್ಯಾಚ್ (ಮೊದಲೇ ಉಳಿಸಿಟ್ಟ ದನಿ) ಮಾಡುವ ಬದಲು, ಸ್ವಲ್ಪ ಒಡೆಯುವ ಒಂದೇ ಪ್ಯಾಚ್ ಇಟ್ಟುಕೊಂಡು ಗಿಟಾರಿನ ನಾಬಿನಲ್ಲಿ ಉಳಿದದ್ದನ್ನು ಮಾಡಿ. ಪ್ಯಾಚ್ ಬದಲಿಸುವಾಗ ಆಗುವ ಸದ್ದಿನ ಏರುಪೇರು ಇರುವುದಿಲ್ಲ.

ನಾಬನ್ನು ಹೀಗೆ ದಿನವೂ ತಿರುಗಿಸತೊಡಗಿದರೆ ಹಳೆಯ ಪಾಟ್ ಕರಕರ ಎನ್ನಬಹುದು. ಪಾಟಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಿ. ಆಮೇಲೂ ನಿಲ್ಲದಿದ್ದರೆ ಪಾಟ್ ಬದಲಿಸಿ. ಹಳೆಯದರ ಮೌಲ್ಯದ್ದನ್ನೇ ತನ್ನಿ, ಕಿವಿಗೆ ಸದ್ದು ಸಮವಾಗಿ ಏರಿಳಿದಂತೆ ಕೇಳಿಸುವ ಬಗೆಯದು ಬೇಕು, ಆಡಿಯೋ ಟೇಪರ್ ಎಂದು ಕೇಳಿ ತೆಗೆದುಕೊಳ್ಳಿ. ಈಗ ಬರುವ ಪಾಟ್‌ಗಳ ಮೇಲೆ ಸಾಮಾನ್ಯವಾಗಿ ಅದಕ್ಕೆ ‘ಎ’ ಅಕ್ಷರದ ಗುರುತು, ಲೀನಿಯರ್‌ಗೆ ‘ಬಿ’.