ಹಳೇ ನಾಣ್ಯಕ್ಕೆ ಚೀಟಿ ಬರೆಯುವುದು ಹೇಗೆ?

ದೇವರ ಗೂಡಿನಲ್ಲೋ ಅಜ್ಜಿಯ ಟ್ರಂಕಿನ ತಳದಲ್ಲೋ ನಾಲ್ಕಾರು ಹಳೇ ನಾಣ್ಯ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಸಿಕ್ಕ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಇದಕ್ಕೆ ಎಷ್ಟು ಬರುತ್ತೆ?" ಅದಕ್ಕೂ ಮೊದಲು "ಇದು ಯಾವುದು?" ಎಂದು ಕೇಳಿ. ಉತ್ತರ ಹುಡುಕಲು ಒಂದು ಒಳ್ಳೆಯ ದಾರಿ ಇದೆ. ಪ್ರತಿ ನಾಣ್ಯಕ್ಕೂ ಒಂದು ಚೀಟಿ ಬರೆಯುವುದು. ಚೀಟಿಯ ಸಾಲುಗಳನ್ನು ತುಂಬುತ್ತಾ ಹೋದರೆ ನಾಣ್ಯ ಸಂಗ್ರಹದ ಪದಗಳೂ ತಾವಾಗಿಯೇ ಬಾಯಿಗೆ ಬರುತ್ತವೆ.

ಒಂದು ಭೂತಗನ್ನಡಿ, ಗ್ರಾಂ ಲೆಕ್ಕದ ಚಿಕ್ಕ ಡಿಜಿಟಲ್ ತಕ್ಕಡಿ, ಸ್ಕೇಲು, ಅಯಸ್ಕಾಂತ, ಪೆನ್ಸಿಲ್ ಇಟ್ಟುಕೊಳ್ಳಿ. ಅಷ್ಟು ಸಾಕು.

ಮೊದಲು, ತೊಳೆಯಬೇಡಿ

ಹುಣಸೆಹಣ್ಣು, ನಿಂಬೆ, ಬೂದಿ, ಪಾತ್ರೆ ಉಜ್ಜುವ ಪುಡಿ ಯಾವುದನ್ನೂ ಹಚ್ಚಬೇಡಿ. ಹಳೇ ತಾಮ್ರದ ಮೇಲೆ ಕಂದು ಅಥವಾ ಹಸಿರು ಪದರ ಕೂತಿರುತ್ತದೆ. ಬೆಳ್ಳಿಯ ಮೇಲೆ ಕಪ್ಪು ಛಾಯೆ ಇರುತ್ತದೆ. ಇದಕ್ಕೆ ಪ್ಯಾಟಿನಾ ಎನ್ನುತ್ತಾರೆ. ಗಾಳಿ, ತೇವ, ಮಣ್ಣಿನ ಜತೆ ಲೋಹ ನೂರಾರು ವರ್ಷ ಬಾಳಿದ್ದರ ಗುರುತು ಅದು. ಉಜ್ಜಿದರೆ ಅದರ ಜತೆಗೆ ಅಕ್ಷರದ ಅಂಚೂ ಹೋಗುತ್ತದೆ. ಮತ್ತೆ ತರಲು ಆಗುವುದಿಲ್ಲ. ಸಂಗ್ರಹಕಾರರು ಹೊಳೆಯುವ ಹಳೇ ನಾಣ್ಯ ಕಂಡರೆ ಅನುಮಾನ ಪಡುವುದು ಇದಕ್ಕೇ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖವನ್ನು ಮುಟ್ಟಬೇಡಿ. ಪಿವಿಸಿ ಪ್ಲಾಸ್ಟಿಕ್ ಕವರು ಬೇಡ. ಕೆಲವು ವರ್ಷಗಳಲ್ಲಿ ಅದು ನಾಣ್ಯಕ್ಕೆ ಹಸಿರು ಅಂಟು ಬಿಡುತ್ತದೆ.

ತೂಕ ಮತ್ತು ಲೋಹ

ಚೀಟಿಯ ಮೊದಲ ಸಾಲು ಇದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ. ಸವೆದದ್ದು ಸ್ವಲ್ಪ ಕಡಿಮೆ ತೂಗುತ್ತದೆ. ತುಂಬಾ ಕಡಿಮೆ ಇದ್ದರೆ ನಕಲಿ ಇರಬಹುದು. ಮೊದಲು ಈ ರೂಪಾಯಿಯಲ್ಲಿ ನೂರಕ್ಕೆ ಹೆಚ್ಚುಕಮ್ಮಿ 92 ಭಾಗ ಬೆಳ್ಳಿ ಇತ್ತು. 1940ರಿಂದ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಹಿಂಬದಿಯಲ್ಲಿ ಹುಲಿ ಇರುವ ಆ ನಾಣ್ಯಕ್ಕೆ ಅಯಸ್ಕಾಂತ ಹಿಡಿಯಿರಿ, ಟಪ್ ಅಂತ ಅಂಟುತ್ತದೆ. ಬೆಳ್ಳಿಯದು ಅಂಟುವುದಿಲ್ಲ.

ಎರಡು ಮುಖ, ಒಂದು ಅಂಚು

ಮುಂಬದಿ ಯಾವುದು, ಹಿಂಬದಿ ಯಾವುದು? ಸಾಮಾನ್ಯವಾಗಿ ನಾಣ್ಯ ಹೊರಡಿಸಿದ ಅಧಿಕಾರ ಯಾರದೋ ಅವರ ಗುರುತು ಇರುವುದು ಮುಂಬದಿ. ಬ್ರಿಟಿಷ್ ರೂಪಾಯಿಯಲ್ಲಿ ರಾಜನ ತಲೆ, ಈಗಿನ ನಾಣ್ಯಗಳಲ್ಲಿ ಅಶೋಕಸ್ತಂಭದ ಸಿಂಹಗಳು.

ಮುಖದ ಮೇಲಿನ ಅಕ್ಷರಗಳಿಗೆ ಲೆಜೆಂಡ್ ಎನ್ನುತ್ತಾರೆ. ನಾವು ಬರಹ ಎನ್ನೋಣ. ಭೂತಗನ್ನಡಿ ಬೇಕಾಗುವುದು ಇಲ್ಲೇ. ಇಲ್ಲಿ ಆತುರ ಬೇಡ, ಏಕೆಂದರೆ ಎಷ್ಟೋ ಸಲ ಇಡೀ ಚರಿತ್ರೆ ಆ ಒಂದೆರಡು ಸಾಲಿನಲ್ಲೇ ಇರುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣದಲ್ಲಿ ಹಳಗನ್ನಡ ಲಿಪಿಯಲ್ಲಿ "ಶ್ರೀ ತಳಕಾಡುಗೊಂಡ" ಎಂದಿದೆ. ಇನ್ನೊಂದು ಬಗೆಯಲ್ಲಿ "ಶ್ರೀ ನೊಳಂಬವಾಡಿಗೊಂಡ" ಎಂದಿದೆ. ರಾಜನ ಹೆಸರಿಲ್ಲ, ಅವನು ಗೆದ್ದ ಊರು-ನಾಡಿನ ಹೆಸರಿದೆ! ಕೃಷ್ಣದೇವರಾಯನ ವರಾಹ ಎಂಬ ಚಿನ್ನದ ನಾಣ್ಯದ ಬರಹ ನಾಗರಿಯಲ್ಲಿ, "ಶ್ರೀ ಪ್ರತಾಪ ಕೃಷ್ಣರಾಯ" ಎಂದು. ಹೈದರ್ ಅಲಿ ತನ್ನ ವರಾಹದ ಒಂದು ಬದಿಯಲ್ಲಿ ಹಳೆಯ ಶಿವ-ಪಾರ್ವತಿಯರನ್ನು ಹಾಗೇ ಉಳಿಸಿಕೊಂಡ. ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪರ್ಷಿಯನ್ ಲಿಪಿಯಲ್ಲಿ ಹಾಕಿದ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸಿನಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಓದಲು ಬಾರದ ಲಿಪಿ ಸಿಕ್ಕರೆ ಕಂಡಂತೆಯೇ ಚೀಟಿಯಲ್ಲಿ ಬಿಡಿಸಿ. ಓದುವವರು ಮುಂದೆ ಸಿಕ್ಕೇ ಸಿಗುತ್ತಾರೆ.

ಚಿತ್ರ, ಬರಹ ಯಾವುದೂ ಇಲ್ಲದ ಖಾಲಿ ಜಾಗ ಫೀಲ್ಡ್. ನಾಣ್ಯದ ಬದಿಯ ದಪ್ಪ ಎಡ್ಜ್, ಅಂದರೆ ಅಂಚು. ಅದು ನುಣುಪಾಗಿದೆಯೋ ಗೀರುಗೀರಾಗಿದೆಯೋ ಬರೆಯಿರಿ. ಬೆಳ್ಳಿ, ಚಿನ್ನದ ಅಂಚನ್ನು ಅರ ಹಾಕಿ ಪುಡಿ ಕದಿಯುವವರು ಇದ್ದರು. ಗೀರಿದ್ದರೆ ಕಳವು ಗೊತ್ತಾಗುತ್ತದೆ. ಗೀರಿನ ನಡುವೆ ಒಂದು ಸಾಲು ಕೊರೆದಿದ್ದರೆ ಅದು ಸೆಕ್ಯುರಿಟಿ ಎಡ್ಜ್. 1992ರಿಂದ ಬಂದ ದಪ್ಪನೆಯ ಐದು ರೂಪಾಯಿಯಲ್ಲಿ ಇದನ್ನು ನೋಡಬಹುದು.

ಇನ್ನು ಡೈ ಆಕ್ಸಿಸ್, ಅಂದರೆ ಎರಡು ಮುಖಗಳು ಒಂದಕ್ಕೊಂದು ಯಾವ ದಿಕ್ಕಿಗೆ ತಿರುಗಿವೆ ಎಂಬುದು. ನಾಣ್ಯದ ಮೇಲು-ಕೆಳಗನ್ನು ಎರಡು ಬೆರಳಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸಿ. ಹಿಂಬದಿ ನೆಟ್ಟಗೆ ಕಂಡರೆ "12 ಗಂಟೆ", ತಲೆಕೆಳಗಾಗಿ ಕಂಡರೆ "6 ಗಂಟೆ" ಎಂದು ಬರೆಯುತ್ತಾರೆ. ನಮ್ಮ ರೂಪಾಯಿಗಳು 12ರವು. ಅಮೆರಿಕದ ನಾಣ್ಯಗಳು 6ರವು. ನಮ್ಮದೊಂದು ಓರೆಯಾಗಿ ಕಂಡರೆ ಅದು ಅಚ್ಚು ಹಾಕುವಾಗಲೇ ಆದ ತಪ್ಪಿರಬಹುದು, ಆ ನಾಣ್ಯ ಎತ್ತಿಡಿ.

ಯಾವ ವರ್ಷ, ಯಾವ ಟಂಕಸಾಲೆ

ಈಗಿನ ನಾಣ್ಯದಲ್ಲಿ ಇಸವಿಯ ಕೆಳಗೆ ನೋಡಿ. ಚಿಕ್ಕ ವಜ್ರದ ಆಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ದುಂಡು ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ಇದೇ ಮಿಂಟ್ ಮಾರ್ಕ್, ಅಂದರೆ ನಾಣ್ಯ ಅಚ್ಚು ಹಾಕಿದ ಟಂಕಸಾಲೆಯ ಗುರುತು. 1985ರ ಕೆಲವು ಒಂದು ರೂಪಾಯಿಗಳಲ್ಲಿ 'ಎಚ್' ಅಕ್ಷರ ಇದೆ. ಅವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಚ್ಚಾಗಿ ಬಂದವು.

ಇಸವಿ ಯಾವಾಗಲೂ ನೇರವಾಗಿ ಇರುವುದಿಲ್ಲ. 1862 ಎಂದು ಬರೆದ ವಿಕ್ಟೋರಿಯಾ ರೂಪಾಯಿಯನ್ನು 1874ರವರೆಗೂ ಅದೇ ಇಸವಿ ಇಟ್ಟು ಹೊಡೆದರು. ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ ವರ್ಷ ಇದ್ದರೆ 0.97ರಿಂದ ಗುಣಿಸಿ 622 ಕೂಡಿಸಿ, ಸುಮಾರು ಇಸವಿ ಸಿಗುತ್ತದೆ. ಟಿಪ್ಪುವಿನ ಆನೆ ಕಾಸುಗಳಲ್ಲಿ ಇನ್ನೊಂದು ತೊಡಕಿದೆ. ಮೊದಲು ಹಿಜರಿ ಬಳಸಿದ ಟಿಪ್ಪು ಆಮೇಲೆ ಮೌಲೂದಿ ಎಂಬ ಶಕೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಮ್ಮ ಕಣ್ಣಿಗೆ 5121 ಎಂದು ಕಾಣುವುದು ನಿಜಕ್ಕೂ 1215, ಅಂದರೆ ಸುಮಾರು ಕ್ರಿ.ಶ. 1787. ಅವನ ಕಾಸುಗಳಿಗೆ ಆಕಾಶದ ಹೆಸರುಗಳೂ ಇವೆ. ಒಂದು ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧಕ್ಕೆ ಬಹ್ರಾಮ್, ಅಂದರೆ ಮಂಗಳ. ಆನೆ ಇರುವ ಮುಖದ ಹಿಂಬದಿಯಲ್ಲಿ 'ಜರ್ಬ್' ಎಂಬ ಪದದ ಜತೆ ಊರಿನ ಹೆಸರು ಇರುತ್ತದೆ. ಜರ್ಬ್ ಎಂದರೆ ಇಲ್ಲಿ ಟಂಕಿಸಿದ್ದು. 'ಪಟ್ಟಣ' ಎಂದಿದ್ದರೆ ಶ್ರೀರಂಗಪಟ್ಟಣ, 'ನಗರ' ಎಂದಿದ್ದರೆ ಬಿದನೂರು. ಮಂಡ್ಯ, ಶಿವಮೊಗ್ಗ ಕಡೆಯವರಿಗೆ ತಮ್ಮ ಊರಿನ ಹೆಸರು ಕೈಯಲ್ಲೇ ಸಿಕ್ಕಂತೆ ಅಲ್ವಾ?

ಬಗೆಯೋ, ಒಳಬಗೆಯೋ, ತಪ್ಪೋ

ಒಂದೇ ವಿನ್ಯಾಸದ ನಾಣ್ಯಗಳೆಲ್ಲ ಒಂದು ಟೈಪ್. ಅದರೊಳಗೆ ಅಚ್ಚಿನ ಸಣ್ಣ ವ್ಯತ್ಯಾಸ ಇದ್ದರೆ ವೆರೈಟಿ. 1911ರ ಐದನೇ ಜಾರ್ಜ್ ರೂಪಾಯಿ ಇದಕ್ಕೆ ಹೆಸರುವಾಸಿ. ರಾಜನ ನಿಲುವಂಗಿಯ ಮೇಲಿನ ಆನೆ ಜನರಿಗೆ ಹಂದಿಯಂತೆ ಕಂಡಿತು. ಗಲಾಟೆಯಾಗಿ ಮುಂದಿನ ವರ್ಷ ಆನೆಯನ್ನು ತಿದ್ದಿದರು.

ಟಂಕಸಾಲೆಯಲ್ಲೇ ಆದ ತಪ್ಪಿಗೆ ಎರರ್ ಎನ್ನುತ್ತಾರೆ. ಬಿಲ್ಲೆ ಜರುಗಿ ಚಿತ್ರ ಒಂದು ಕಡೆಗೆ ಹೋದರೆ ಆಫ್ ಸೆಂಟರ್. ಹಿಂದೆ ಹೊಡೆದ ನಾಣ್ಯ ಅಚ್ಚಿಗೆ ಅಂಟಿಕೊಂಡು, ಮುಂದಿನದರಲ್ಲಿ ಅದೇ ಮುಖ ತಿರುಗುಮುರುಗಾಗಿ ತಗ್ಗಿನಲ್ಲಿ ಮೂಡಿದರೆ ಬ್ರಾಕೇಜ್. ಜೋಡಿಯಲ್ಲದ ಎರಡು ಅಚ್ಚು ಸೇರಿ ಆದದ್ದು ಮ್ಯೂಲ್. ಆದರೆ ಆಮೇಲೆ ಸುತ್ತಿಗೆಯಿಂದ ಜಜ್ಜಿದ್ದು, ರೈಲು ಹಳಿಯ ಮೇಲಿಟ್ಟಿದ್ದು ಎರರ್ ಅಲ್ಲ, ಸುಮ್ನೆ ಹಾಳಾದ ನಾಣ್ಯ.

ರಾಮ ದರ್ಬಾರ್, ಹನುಮಂತ ಇರುವ "ಈಸ್ಟ್ ಇಂಡಿಯಾ ಕಂಪನಿ 1818" ನಾಣ್ಯ ಎಷ್ಟೋ ಮನೆಗಳಲ್ಲಿದೆ. ಕಂಪನಿ ಅಂಥದ್ದನ್ನು ಯಾವತ್ತೂ ಹೊರಡಿಸಿಲ್ಲ. ಪೂಜೆಗೆ ಇಟ್ಟುಕೊಳ್ಳಿ, ಚೀಟಿಯಲ್ಲಿ ಮಾತ್ರ "ಟೋಕನ್" ಎಂದೇ ಬರೆಯಿರಿ.

ಸವೆತದ ದರ್ಜೆ

ಚಲಾವಣೆಗೆ ಹೋಗದೇ ಉಳಿದದ್ದು ಯುಎನ್‌ಸಿ (ಅನ್‌ಸರ್ಕ್ಯುಲೇಟೆಡ್). ಅಲ್ಲಿಂದ ಕೆಳಗೆ ಎಕ್ಸ್‌ಎಫ್ (ಎಕ್ಸ್‌ಟ್ರೀಮ್ಲಿ ಫೈನ್), ವಿಎಫ್ (ವೆರಿ ಫೈನ್), ಎಫ್ (ಫೈನ್) ಎಂದು ಇಳಿಯುತ್ತದೆ. ಎಫ್ ದರ್ಜೆಯ ನಾಣ್ಯದಲ್ಲಿ ಸವೆತ ಜಾಸ್ತಿಯೇ ಇರುತ್ತದೆ, ದೊಡ್ಡ ವಿವರಗಳು ಮಾತ್ರ ಉಳಿದಿರುತ್ತವೆ. ನಮ್ಮ ನಾಣ್ಯದ ಮೇಲೆ ನಮಗೆ ಪ್ರೀತಿ ಇರುವುದು ಸಹಜ. ಹಾಗಾಗಿ ಅನುಮಾನ ಬಂದಾಗಲೆಲ್ಲ ಒಂದು ದರ್ಜೆ ಕೆಳಗೇ ಬರೆಯಿರಿ. ಬೆಲೆ ನಿಲ್ಲುವುದು ದರ್ಜೆ, ಅಪರೂಪ, ಬೇಡಿಕೆಗಳ ಮೇಲೆ. ಮೊಬೈಲಿಗೆ ಬರುವ "ಈ ಐದು ರೂಪಾಯಿಗೆ ಐದು ಲಕ್ಷ" ಜಾಹೀರಾತು ನಂಬಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೇಳುವವರಿದ್ದಾರೆ ಎಂದು ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಈಗ ಚೀಟಿ ಹೀಗಿರುತ್ತದೆ: "ಒಂದು ರೂಪಾಯಿ, ಐದನೇ ಜಾರ್ಜ್, 1918. ಬೆಳ್ಳಿ, 11.60 ಗ್ರಾಂ. ಅಂಚು ಗೀರು, 12 ಗಂಟೆ. ಹಿಂಬದಿಯ ಕೆಳಹೂವಿನಲ್ಲಿ ಚುಕ್ಕಿ, ಮುಂಬೈ. ವಿಎಫ್. ಅಜ್ಜನ ಟ್ರಂಕು, ಶಿರಸಿ." (ಚುಕ್ಕಿ ಈಗ ನೋಯ್ಡಾದ ಗುರುತು, ಈ ರೂಪಾಯಿಯಲ್ಲಿ ಅದು ಮುಂಬೈಯದು.)

ಕೊನೆಯ ಸಾಲು: ಎಲ್ಲಿಂದ ಬಂತು

ಹೆಚ್ಚಿನವರು ಬಿಟ್ಟುಬಿಡುವುದು ಈ ಸಾಲನ್ನೇ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ತೂಕವನ್ನು ನಾಳೆಯೂ ತೂಗಬಹುದು, ಬರಹವನ್ನು ನಾಳೆಯೂ ಓದಬಹುದು. ಎಲ್ಲಿ ಸಿಕ್ಕಿತು ಎಂಬುದನ್ನು ಬಲ್ಲವರು ಹೋದ ಮೇಲೆ ಯಾರೂ ಹೇಳಲಾರರು.

ಗಡಿಗೆಯಲ್ಲಿ ಒಟ್ಟಿಗೆ ಸಿಕ್ಕ ನಾಣ್ಯಗಳಿಗೆ ಹೋರ್ಡ್ ಎನ್ನುತ್ತಾರೆ. ಅದರಲ್ಲಿ ಎಲ್ಲಕ್ಕಿಂತ ಹೊಸ ನಾಣ್ಯ ಯಾವುದೋ, ಗಡಿಗೆ ಹೂತದ್ದು ಅದಕ್ಕಿಂತ ಮೊದಲಂತೂ ಅಲ್ಲ. ಯಾವ ರಾಜ್ಯದ ಹಣ ಎಲ್ಲಿವರೆಗೆ ಓಡಾಡುತ್ತಿತ್ತು ಎಂಬುದೂ ಅದರಿಂದ ತಿಳಿಯುತ್ತದೆ. ನಾಲ್ಕು ಜನ ಹಂಚಿಕೊಂಡು ಹೋದರೆ ಅಷ್ಟೂ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಹೊಲ ಉಳುವಾಗ, ಪಾಯ ತೋಡುವಾಗ ಅಂಥದ್ದು ಸಿಕ್ಕರೆ ಗಡಿಗೆಯನ್ನು ಕದಲಿಸದೆ ಜಾಗದ ಫೋಟೊ ತೆಗೆದು ಜಿಲ್ಲಾಧಿಕಾರಿಗೆ ತಿಳಿಸಿ. ನಿಧಿ ಸಿಕ್ಕರೆ ತಿಳಿಸಲೇಬೇಕು ಎಂದು ಕಾನೂನೇ ಇದೆ. ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು ಎನಿಸುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಬಹುದು, ಆದರೆ ವಿದೇಶದಲ್ಲಿರುವ ಮಕ್ಕಳಿಗೆ ನೆನಪಿಗೆಂದು ಕಳಿಸುವಂತಿಲ್ಲ. 1972ರ ಕಾಯ್ದೆ ಅದನ್ನು ತಡೆಯುತ್ತದೆ. ಚೀಟಿಯ ಫೋಟೊ ಕಳಿಸಲು ಅಡ್ಡಿಯಿಲ್ಲ.