ಎಲೆಯಡಿಕೆ ಸಂಚಿಯೊಳಗೆ ಹಾಡು ಕೂರಿಸಿದ ಕಥೆ

ಮೊನ್ನೆ ಆಲೂರಿನ ಕಡೆಯಿಂದ 15 ಹಾಡೋ ಸಂಚಿಗೆ ಆರ್ಡರ್ ಬಂತು. ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಬರೆಯಲು ಕೂತಿದ್ದೇನೆ. ಎರಡು ವರ್ಷದಿಂದ ಸಕಲೇಶಪುರದ ನನ್ನ ರಿಪೇರಿ ಅಂಗಡಿಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲರ ಕೈಲೂ ಮೊಬೈಲ್ ಇರೋವಾಗ ಈ ಚೀಲ ಯಾರಿಗೋ ಬೇಕು?"

ಬೇಕಾದವರು ಇದ್ದಾರೆ. ಕಾಫಿ ಕೊಯ್ಲಿನಲ್ಲಿ ಒಂದು ದಿನ ನಿಂತು ನೋಡಿ. ಹಣ್ಣಿನ ಲೋಳೆ ಬೆರಳಿಗೆ ಅಂಟಿ, ಅದರ ಮೇಲೆ ಧೂಳು ಕೂತಿರುತ್ತೆ. ಆ ಬೆರಳಿನ ಮಾತನ್ನು ಟಚ್ ಸ್ಕ್ರೀನ್ ಕೇಳಲ್ಲ. ಇಯರ್‌ಫೋನ್ ಹಾಕಿಕೊಳ್ಳೋ ಹಾಗೂ ಇಲ್ಲ. ನಮ್ಮ ಕಡೆ ತೋಟಗಳಲ್ಲಿ ಆನೆ ಓಡಾಡುತ್ತೆ, ಕೊಂಬೆ ಮುರಿದ ಸದ್ದು ಕಿವಿಗೆ ಬೀಳಲೇಬೇಕು. 1979ರ ಮೊದಲ ಸೋನಿ ವಾಕ್‌ಮನ್‌ಗೆ ಎರಡು ಹೆಡ್‌ಫೋನ್ ತೂತು ಇದ್ದವು, ಇಬ್ಬರು ಕೂಡಿ ಕೇಳಲಿ ಅಂತ. ನನಗೆ ಬೇಕಾಗಿದ್ದು ಒಂದು ಸಾಲಿನಲ್ಲಿ ಕುಯ್ಯೋ ಆರೇಳು ಜನಕ್ಕೆ ಕೇಳುವಂಥದ್ದು. ತೋಟದ ಕೆಲಸ ನೋಡಿಕೊಳ್ಳೋ ರೈಟರ್ ಕಿವಿಗೆ ಮಾತ್ರ ಬೀಳಬಾರದು!

ಮೊದಲು ಬಿದಿರಿಗೆ ಕೈ ಹಾಕಿದೆ. ಒಂದಡಿ ಗೆಣ್ಣು, ಒಂದು ತುದಿ ಮುಚ್ಚಿದ್ದು, ಒಳಗೆ ಸಣ್ಣ ಸ್ಪೀಕರ್. ನೋಡೋಕೆ ಏನು ಚಂದ ಅಂತೀರಿ! ಕೇಳಿದರೆ ಬರೀ ಗುಂಯ್. ಅಷ್ಟುದ್ದದ ಕೊಳವೆ 280 ಹರ್ಟ್ಸ್ ಹತ್ತಿರ ಒಂದೇ ಸ್ವರವನ್ನು ಹಿಡಿದು ಎತ್ತುತ್ತೆ. ಯಾವ ಗಾಯಕ ಹಾಡಿದರೂ ಹಂಡೆಯೊಳಗೆ ತಲೆ ಹಾಕಿದ ಹಾಗೆ. ಆಮೇಲೆ ಮಳೆಗೆ ತಲೆ ಮೇಲೆ ಹಾಕಿಕೊಳ್ಳೋ ಗೊರಬಿನ ಒಳಗೆ ಎರಡು ಸ್ಪೀಕರ್ ಕಟ್ಟಿದೆ. ನಾಟಿ ಗದ್ದೆಯಲ್ಲಿ ಬಗ್ಗಿ ನಿಂತವರಿಗೆ ಹಾಡು ತಲೆ ಮೇಲಿಂದ ಸುರಿಯಲಿ ಅಂತ ಆಸೆ. ಸುರಿದಿದ್ದು ಮಳೆ. ಗೊರಬಿನ ಮೇಲೆ ಹನಿ ಬೀಳೋ ಸದ್ದಿನ ಮುಂದೆ 3 ವ್ಯಾಟ್ ಯಾವ ಲೆಕ್ಕ? ಈ ಎರಡಕ್ಕೆ ಸೇರಿ ಸುಮಾರು ಆರು ಸಾವಿರ ಹೋಯಿತು. ಮನೆಯಲ್ಲಿ ಹೇಳಿದ್ದು ಎರಡು ಸಾವಿರ ಅಂತ.

ಉತ್ತರ ನಮ್ಮತ್ತೆಯ ಸೊಂಟದಲ್ಲೇ ಇತ್ತು. ಅವರು ಮಾತಾಡುತ್ತಾ, ಕಣ್ಣು ಬೇರೆಲ್ಲೋ ಇಟ್ಟು, ಸಂಚಿಯ ದಾರ ಸಡಿಲಿಸಿ ಒಂದು ಅರೆಯಿಂದ ಎಲೆ, ಇನ್ನೊಂದರಿಂದ ಅಡಿಕೆ ತೆಗೆಯುತ್ತಾರೆ. ಒಂದು ದಿನವೂ ಕೈ ತಪ್ಪಿದ್ದಿಲ್ಲ. ಸಂಚಿ ಹೊನ್ನಮ್ಮ ಮೈಸೂರು ಅರಮನೆಯಲ್ಲಿ ಹೊತ್ತಿದ್ದೂ ಇಂಥದ್ದೇ ಕೆಲಸದ ಚೀಲ. ಕೈಗೆ ಇಷ್ಟು ಗೊತ್ತಿರೋ ವಸ್ತು ಇರುವಾಗ ನಾನ್ಯಾಕೆ ಬಟನ್ ಹುಡುಕಲಿ?

ವಿಷಯ ಇಷ್ಟೇ. ಬಟ್ಟೆ ಸಂಚಿ, ಮೂರು ಅರೆ, ತಳದಲ್ಲಿ ಅರ್ಧ ತೆಂಗಿನ ಕರಟ. ಕರಟದೊಳಗೆ ಬ್ಯಾಟರಿ ಮತ್ತು ಬೋರ್ಡು, ಅದರ ಬಾಯಿಗೆ ಮೇಲ್ಮುಖವಾಗಿ ಸ್ಪೀಕರ್. ಒಂದೊಂದು ಅರೆಯ ಹೊಲಿಗೆಯಲ್ಲೂ ಒಂದು ರೀಡ್ ಸ್ವಿಚ್, ಅಂದರೆ ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗೋದು. ಜೊತೆಗೊಂದು ಅಡಿಕೆ, ಅದರ ಹೊಟ್ಟೆಯಲ್ಲಿ 5 ಮಿಲಿಮೀಟರ್ ಅಯಸ್ಕಾಂತ. ಮೊದಲ ಅರೆಗೆ ಅಡಿಕೆ ಹಾಕಿದರೆ ಜನಪದ, ಎರಡನೇದಕ್ಕೆ ಸಿನಿಮಾ ಹಾಡು, ಮೂರನೇದಕ್ಕೆ ಭಜನೆ. ಅಡಿಕೆ ತೆಗೆದರೆ ಬಂದ್.

ವಾಲ್ಯೂಮ್ ಎಲ್ಲಿ ಅಂತ ಎಲ್ಲರೂ ಕೇಳ್ತಾರೆ. ದಾರದಲ್ಲಿ! ದಾರ ಸಡಿಲಿಸಿದರೆ ಸಂಚಿಯ ಬಾಯಿ ತೆರೆದು ಜೋರು, ಎಳೆದರೆ ಬಾಯಿ ಮುಚ್ಚಿ ಮೆತ್ತಗೆ. ರೈಟರ್ ಬಂದರೆ ಸರ್ರಂತ ಎಳೆಯೋದು. 1906ರ ವಿಕ್ಟ್ರೋಲಾ ಗ್ರಾಮಫೋನ್ ಪೆಟ್ಟಿಗೆಯಲ್ಲೂ ಮುಂದಿನ ಬಾಗಿಲು ತೆಗೆದು ಮುಚ್ಚಿಯೇ ಸದ್ದು ಹೆಚ್ಚು ಕಡಿಮೆ ಮಾಡ್ತಿದ್ದರು. ಇದನ್ನು ಓದಿದ್ದು ನನ್ನ ಸಂಚಿ ಆದ ಮೇಲೆ, ಮೊದಲು ಅಲ್ಲ. ನಂಬಿದರೆ ನಂಬಿ. ಬಟ್ಟೆಯ ಒಳಗಡೆ ನಾನು ಇನ್ನೊಂದು ಪದರ ಹೊಲಿಸುತ್ತೇನೆ. ಮಾಮೂಲಿ ಬಟ್ಟೆ ಮುಚ್ಚಿದರೆ ಸದ್ದು ಅಷ್ಟು ಇಳಿಯಲ್ಲ. ಆ ಪದರ ಯಾವುದು ಅಂತ ನನಗೂ ನಮ್ಮ ಟೈಲರ್‌ಗೂ ಮಾತ್ರ ಗೊತ್ತು.

ಬೋರ್ಡು ಡಿಎಫ್‌ಪ್ಲೇಯರ್ ಮಿನಿ, ಮೆಮೊರಿ ಕಾರ್ಡಿನಿಂದ ಹಾಡು ನುಡಿಸೋ ಪುಟ್ಟದೊಂದು. ಆಗ 120-130 ರೂಪಾಯಿಗೆ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದೆ. ಹತ್ತರಲ್ಲಿ ಎರಡೋ ಮೂರೋ ನಕಲಿ ಚಿಪ್ಪಿನವು, ಒಂದೊಂದಕ್ಕೂ ಒಂದೊಂದು ನಡವಳಿಕೆ. ಬೋರ್ಡಿಗೆ ಆಜ್ಞೆ ಕಳಿಸೋ ಸೀರಿಯಲ್ ತಂತಿಗೆ 1ಕೆ (ಸಾವಿರ ಓಮ್) ರೆಸಿಸ್ಟರ್ ಹಾಕದಿದ್ದರೆ ಚುರುಚುರು ಸದ್ದು. ನನ್ನನ್ನು ಕಾಡಿದ್ದು ಬೇರೆ. ಅಡಿಕೆ ಹಾಕಿದ ಮೇಲೆ ಹಾಡು ಶುರುವಾಗಲು ಎರಡು ಮೂರು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರೊಳಗೆ ಹೆಂಗಸರು ಅಡಿಕೆ ತೆಗೆದು ಮತ್ತೆ ಹಾಕೋರು, ಮತ್ತೆ ತೆಗೆಯೋರು. "ಇದು ಸತ್ತೋಗಿದೆ ಕಣಪ್ಪ" ಅಂತ ವಾಪಸ್ ಕೊಟ್ಟರು. ಕಾರ್ಡಿನಲ್ಲಿ ಫೈಲ್ ಜಾಸ್ತಿ ಇದ್ದಷ್ಟೂ ಅದು ಏಳೋದು ತಡ. ನಾನು ಆಸೆಬುರುಕನ ಹಾಗೆ ಎರಡು ಸಾವಿರ ಹಾಡು ತುಂಬಿದ್ದೆ. ಈಗ ಅರೆಗೆ 40, ಒಟ್ಟು 120. ಯಾರೂ ಜಾಸ್ತಿ ಕೇಳಿಲ್ಲ.

ದೊಡ್ಡ ಮರ್ಯಾದೆ ಹೋಗಿದ್ದು ರೀಡ್ ಸ್ವಿಚ್ಚಿನಿಂದ. ಸೋಮಾರಿತನಕ್ಕೆ ಬ್ಯಾಟರಿ ಲೈನನ್ನು ನೇರ ಅದರ ಮೂಲಕವೇ ಹಾಯಿಸಿದ್ದೆ. ಮುಂದೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡೋ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಆನ್ ಆಗುವಾಗ ಕೆಪಾಸಿಟರ್ ಒಮ್ಮೆಲೇ ಎಳೆಯೋ ಕರೆಂಟಿಗೆ ಸ್ವಿಚ್ಚಿನೊಳಗಿನ ತೆಳು ಲೋಹದ ಎಲೆಗಳು ಒಂದಕ್ಕೊಂದು ಬೆಸೆದುಕೊಂಡವು. ತೋಟದ ಕೆಲಸದವರು ಇರೋ ಒಂದು ಲೈನ್ ಮನೆಯಲ್ಲಿ ರಾತ್ರಿ ಅಡಿಕೆ ತೆಗೆದರೂ ಭಜನೆ ನಿಲ್ಲಲಿಲ್ಲ. ಕಂಬಳಿ ಸುತ್ತಿದರಂತೆ, ಆಗಲಿಲ್ಲ. ಕೊನೆಗೆ ರಾಗಿ ಡಬ್ಬದಲ್ಲಿ ಹೂತು ಮುಚ್ಚಳ ಹಾಕಿದರಂತೆ. ಬೆಳಗಿನ ಜಾವ ಬ್ಯಾಟರಿ ಸಾಯುವವರೆಗೂ ರಾಗಿ ಭಜನೆ ಮಾಡಿತು. ಬೆಳಿಗ್ಗೆ ಆ ಮನೆಯ ಯಜಮಾನ ಅಂಗಡಿಗೆ ಬಂದು ಸಂಚಿಯನ್ನು ಕೌಂಟರ್ ಮೇಲೆ ಇಟ್ಟು, ಏನೂ ಮಾತಾಡದೆ ನಿಂತ. ದುಡ್ಡು ವಾಪಸ್ ಕೊಟ್ಟೆ. ಒಳಗಿನಿಂದ ಒಂದು ಹಿಡಿ ರಾಗಿ ಉದುರಿತು.

ಈಗ ರೀಡ್ ಬರೀ ಪಿ-ಚಾನೆಲ್ ಮಾಸ್‌ಫೆಟ್ (ಜಾಸ್ತಿ ಕರೆಂಟ್ ತಡೆಯೋ ಎಲೆಕ್ಟ್ರಾನಿಕ್ ಸ್ವಿಚ್) ಒಂದರ ಗೇಟನ್ನು ಎಳೆಯುತ್ತೆ, ಕರೆಂಟ್ ಹಾಯೋದು ಮಾಸ್‌ಫೆಟ್ಟಿನಲ್ಲಿ. ಅಡಿಕೆ ಹೊರಗಿದ್ದರೆ ಪೂರ್ತಿ ಆಫ್. ಹಳೇ ಲ್ಯಾಪ್‌ಟಾಪ್ ಪ್ಯಾಕಿನಿಂದ ಬಿಚ್ಚಿದ ಒಳ್ಳೆ 18650 ಲಿಥಿಯಂ ಸೆಲ್ ಒಂದು ಕೊಯ್ಲಿನ ದಿನಕ್ಕೆ ಸಾಕು, ಸಂಜೆಗೂ ಸ್ವಲ್ಪ ಉಳಿಯುತ್ತೆ. ಯಾವ ಹಾಡಿಗೆ ನಿಂತಿತ್ತು ಅನ್ನೋದನ್ನು ಎಟಿಟೈನಿ ಅನ್ನೋ ಪುಟ್ಟ ಕಂಟ್ರೋಲರ್ ಚಿಪ್ ನೆನಪಿಟ್ಟುಕೊಳ್ಳುತ್ತೆ.

ಅಡಿಕೆಯ ಕಥೆ ಬೇರೆ. ಚಾಲಿ, ಅಂದರೆ ಬಿಸಿಲಿಗೆ ಒಣಗಿಸಿದ ಅಡಿಕೆಗೆ ಡ್ರಿಲ್ ಇಟ್ಟರೆ ಫಟ್ ಅಂತ ಸೀಳುತ್ತಿತ್ತು. ಒಂದು ಸೇರಿಗೆ ಹತ್ತಿರ ಹಾಳು ಮಾಡಿದೆ. ಅತ್ತೆ ಸುಮ್ನೆ ನೋಡಿ ನೋಡಿ ಒಂದು ದಿನ ಹೇಳಿದರು: "ನೀರಲ್ಲಿ ಹಾಕಪ್ಪ, ನೀರಡಿಕೆ ಮಾಡ್ಕೊ." ನೆನೆಸಿದ ಅಡಿಕೆಯಲ್ಲಿ ಡ್ರಿಲ್ ಕ್ಯಾರೆಟ್ಟಿನಲ್ಲಿ ಇಳಿದ ಹಾಗೆ ಇಳಿಯಿತು. ಆಮೇಲೆ ಅದನ್ನು ಸೀಳದಂತೆ ಒಣಗಿಸೋದಕ್ಕೂ ಒಂದು ಉಪಾಯ ಇದೆ. ಅದು ಅತ್ತೆಯದ್ದು, ನಾನು ಹೇಳೋ ಹಾಗಿಲ್ಲ.

ಬಣ್ಣ ಹಚ್ಚದೆ ಕೊಟ್ಟಿದ್ದು ನನ್ನ ದಡ್ಡತನ. ಬೇಲೂರು ರಸ್ತೆಯ ಒಂದು ತೋಟದಲ್ಲಿ ಅಜ್ಜರೊಬ್ಬರು ಅದನ್ನು ನಿಜವಾದ ಅಡಿಕೆ ಅಂದುಕೊಂಡು ಅಡಕತ್ತರಿಗೆ ಕೊಟ್ಟರು. ಅಡಿಕೆ ಟಕ್ ಅಂತ ಅಲಗಿಗೆ ಹಾರಿ ಕಚ್ಚಿಕೊಂಡಿತು. ಅಜ್ಜ ಅಡಕತ್ತರಿ ತಲೆಕೆಳಗೆ ಮಾಡಿ ಅಲ್ಲಾಡಿಸಿದರು, ಬೀಳಲಿಲ್ಲ. "ಇದಕ್ಕೆ ಗಾಳಿ ಹಿಡಿದಿದೆ ಮಾರಾಯ" ಅಂದರು. ನಗು ಬಂದರೂ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಇಂಥ ಅಯಸ್ಕಾಂತ ಮಗು ಎರಡು ನುಂಗಿದರೆ ಕರುಳಿನಲ್ಲಿ ಒಂದಕ್ಕೊಂದು ಹಿಡಿದುಕೊಂಡು ಜೀವಕ್ಕೇ ಅಪಾಯ. ಆವತ್ತಿನಿಂದ ಸಂಚಿಗೆ ಒಂದೇ ಅಡಿಕೆ, ಕೆಂಪು ಬಣ್ಣ, ದಾರ ಕಟ್ಟಿ ಸಂಚಿಗೇ ಹೊಲಿದಿರುತ್ತೆ. ಅಯಸ್ಕಾಂತದ ತೂತಿಗೆ ಎಪಾಕ್ಸಿ ಅಂಟು.

ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಹಾಳಾಗಿದ್ದೆಲ್ಲ ಸೇರಿ 18 ಸಾವಿರದ ಮೇಲೆ ಕೈ ಬಿಟ್ಟಿತ್ತು. ಈಗ ಒಂದಕ್ಕೆ ಹೊಲಿಗೆ ಸೇರಿ 600-650 ಬೀಳುತ್ತೆ. ಕರಟ ಅರಸೀಕೆರೆಯಿಂದ ಬರುತ್ತೆ, ಬಸ್ಸಿನ ಲಗೇಜ್ ಮಾತ್ರ ಖರ್ಚು. 1,100ಕ್ಕೆ ಕೊಡುತ್ತೇನೆ, ಕೊಯ್ಲಿನವರಿಗೆ ಎರಡು ಕಂತು. ಇಲ್ಲಿವರೆಗೆ 31 ಹೋಗಿವೆ, ನಾಲ್ಕು ವಾಪಸ್ ಬಂದಿವೆ. ಒಂದು ಡಿಸೈನ್ ಸ್ಪರ್ಧೆಗೂ ಕಳಿಸಿದ್ದೆ. "ಡಿಸ್‌ಪ್ಲೇ ಇಲ್ಲ" ಅಂತ ಮೊದಲ ಸುತ್ತಿನಲ್ಲೇ ತೆಗೆದರು.

ಅತ್ತೆಗೆ ಒಂದು ಸಂಚಿ ಸುಮ್ನೆ ಕೊಟ್ಟಿದ್ದೆ. ಭಜನೆ ಅರೆಯಲ್ಲಿ ಈಗ ಎಲೆ ಇಟ್ಟಿದ್ದಾರೆ. ಸುಣ್ಣದ ಡಬ್ಬಿಗೆ ನಾಲ್ಕನೇ ಅರೆ ಬೇಕಂತೆ. ಆ ಡಬ್ಬಿ ತಗಡಿನದು, ಅಡಿಕೆ ಹೋಗಿ ಅದಕ್ಕೇ ಅಂಟಿಕೊಳ್ಳುತ್ತೆ. ಪ್ಲಾಸ್ಟಿಕ್ ಡಬ್ಬಿ ತಂದು ಕೊಟ್ಟರೆ ಬೇಡ ಅಂತಾರೆ.